ಗಂಟಲಿಗೆ ಬಿಟ್ಟ ಟಗರು

ಮಹಾಂತೇಶನ ಮನೆಯ ದೇವರಗೂಡಿನಲ್ಲಿ ಮೂರು ಪಟಗಳಿದ್ದವು. ಒಂದು ಊರದೇವತೆ ಚೌಡಮ್ಮನದು, ಇನ್ನೊಂದು ತೀರಿಹೋದ ಅಪ್ಪ ಮಾರಪ್ಪನದು, ಮೂರನೆಯದು ಕಪ್ಪು ಕನ್ನಡಕ ಹಾಕಿಕೊಂಡು ಮೈಕಿಗೆ ಮುತ್ತಿಡುತ್ತಿರುವ ಗಾಯಕ ರಾಗಸೂರ್ಯನದು. ತಾಯಿ ದ್ಯಾಮಮ್ಮ ದಿನಾ ಮೂರಕ್ಕೂ ಹೂ ಏರಿಸುತ್ತಿದ್ದಳು. ಮಗನ ಮನಸ್ಸು ನೋಯಬಾರದೆಂದು ಮೂರನೆಯದನ್ನು ಬಿಡುತ್ತಿರಲಿಲ್ಲ. ಆದರೆ ಅದಕ್ಕಿಡುವ ಹೂವನ್ನು ಮಾತ್ರ ಹಿಂದಿನ ದಿನದ ಬಾಡಿದ ರಾಶಿಯಿಂದ ಆರಿಸಿಕೊಳ್ಳುತ್ತಿದ್ದಳು.

ಈಸೂರಿಗೆ ಕೂಗಳತೆಯಲ್ಲಿದ್ದ ಆ ಸಣ್ಣ ಹಳ್ಳಿಯಲ್ಲಿ ಅವರದು ಕುರಿ ಸಾಕಿ ಬಾಳಿದ ಮನೆ. ಮಹಾಂತೇಶ ಹಲ್ಲು ನೋಡಿ ಕುರಿಯ ವಯಸ್ಸು ಹೇಳುತ್ತಿದ್ದ, ಕೆಮ್ಮು ಕೇಳಿ ಅದರ ರೋಗ ಹೇಳುತ್ತಿದ್ದ. ಶಿರಾಳಕೊಪ್ಪದ ಸಂತೆಯಲ್ಲಿ ಅವನ ತಲೆಗೆ ಟೋಪಿ ಹಾಕುವ ದಲ್ಲಾಳಿ ಇನ್ನೂ ಹುಟ್ಟಿರಲಿಲ್ಲ. ಅಂಥ ಗಟ್ಟಿ ಆಸಾಮಿ ರಾಗಸೂರ್ಯನ ಮಾತು ಬಂದರೆ ಮಾತ್ರ, ಟಗರು ಈದಿದೆ ಎಂದರೂ ಬಾಣಂತಿಗೆ ನೀರು ಕಾಯಿಸಲು ಓಡುವವನಾಗುತ್ತಿದ್ದ.

ಅದಕ್ಕೊಂದು ಕಾರಣವೂ ಇತ್ತು. ಮೀಸೆ ಮೂಡುವ ವಯಸ್ಸಿನಲ್ಲಿ ಅಪ್ಪ ತೀರಿಕೊಂಡ. ಹಿಂಡು ಹೊಡೆದುಕೊಂಡು ದೂರದ ಊರುಗಳ ಕೊಯ್ದ ಹೊಲಗಳಿಗೆ ಹೋಗಿ, ಗೊಬ್ಬರಕ್ಕಾಗಿ ರಾತ್ರಿ ಅಲ್ಲೇ ಕುರಿ ತರುಬಿ ನಿಲ್ಲಿಸುವ ಕೆಲಸ ಅವನ ಹೆಗಲಿಗೆ ಬಿತ್ತು. ವಾರಗಟ್ಟಲೆ ಮಾತಾಡಲು ಮನುಷ್ಯರಿಲ್ಲ. ಕುರಿ ಬ್ಯಾ ಎನ್ನುತ್ತಿತ್ತು, ನಾಯಿ ಬೌ ಎನ್ನುತ್ತಿತ್ತು. ಮನುಷ್ಯಧ್ವನಿ ಎಂದರೆ ಕೈಯಲ್ಲಿದ್ದ ಫೋನಿನೊಳಗಿನ ರಾಗಸೂರ್ಯನದು ಒಂದೇ. ಅವನು ಯಾವುದೋ ಹುಡುಗಿಗಾಗಿ ಹಾಡಿದ್ದನ್ನು ಮಹಾಂತೇಶ ತನಗೇ ಹಾಡಿದ್ದೆಂದುಕೊಂಡ. ಅಲ್ಲಿಂದಾಚೆಗೆ ಆ ಋಣ ತೀರಿಸುವುದೇ ಅವನ ಬಾಳಿನ ಕೆಲಸವಾಯಿತು.

ತೀರಿಸುವ ಕಾಲ ಹೋದ ವರ್ಷ ಬಂತು. ರಾಗಸೂರ್ಯ ಶಿವಮೊಗ್ಗದಲ್ಲಿ ಹಾಡುವವನಿದ್ದ. ಇನ್ನೇನು ಹೊರಡಬೇಕು ಎನ್ನುವಾಗ, ಗಂಟಲಿಗೆ ದೊಡ್ಡ ರೋಗ ಬಂದಿದೆಯೆಂದೂ ಮತ್ತೆ ಹಾಡುವುದು ಅನುಮಾನವೆಂದೂ ಫೋನಿನಲ್ಲಿ ಸುದ್ದಿ ಬಂತು. ಮಹಾಂತೇಶ ಉಣ್ಣಲಿಲ್ಲ. ಅವನ ಹೆಂಡತಿ ಜ್ಯೋತಿಲಕ್ಷ್ಮಿ ಸೊರಬ ತಾಲೂಕಿನ ಹೊಸಬಾಳೆಯ ಹೆಣ್ಣು, ಮಾತಿಗೆ ಖಾರ ಸವರಿ ಕೊಡುವವಳು. ತಟ್ಟೆ ಮುಂದಿಟ್ಟು ಅಂದಳು, “ನಂಗೆ ಗಂಟಲು ಕಟ್ಟಿ ಎಂಟು ದಿನ ಮಾತು ಹೊರಡಲಿಲ್ಲ. ಆಗ ನೀವು ಮನೆ ತಣ್ಣಗಿದೆ ಅಂತ ಎರಡು ಮುದ್ದೆ ಜಾಸ್ತಿ ಉಂಡ್ರಿ, ಮಾರಾಯ್ರೆ.”

ಮಾರನೆಯ ಬೆಳಿಗ್ಗೆ ಮಹಾಂತೇಶ ಚೌಡಮ್ಮನ ಗುಡಿಯ ಹೊಸ್ತಿಲ ಮುಂದೆ ನಿಂತು, ನಾಲ್ಕು ಜನ ಕೇಳುವಂತೆ ಹರಕೆ ನುಡಿದ. ರಾಗಸೂರ್ಯನ ಗಂಟಲು ವಾಸಿಯಾಗಲಿ, ಅವನ ಹೆಸರಿನಲ್ಲಿ ಟಗರು ಬಿಡುತ್ತೇನೆ ಎಂದ. ಹಿಂಡಿನಲ್ಲಿಯೇ ಮೊದಲನೆಯದಾದ, ಕೊಂಬು ಎರಡು ಸುತ್ತು ತಿರುಗಿದ ಟಗರನ್ನು ಆರಿಸಿ, ಕಿವಿ ಸೀಳಿ, ಕೊರಳಿಗೆ ಗಂಟೆ ಕಟ್ಟಿ, ಬೆನ್ನಿಗೆ ಅರಿಸಿನ ಬಳಿದು ಬಿಟ್ಟ.

ಬಿಟ್ಟ ಟಗರಿಗೆ ಆ ಊರಲ್ಲಿ ಕಟ್ಟಳೆಯಿದೆ. ಅದು ಮುಪ್ಪಾಗಿ ಸಾಯುವ ತನಕ ಅದನ್ನು ಯಾರೂ ಕಟ್ಟುವಂತಿಲ್ಲ, ಹೊಡೆಯುವಂತಿಲ್ಲ, ಮಾರುವಂತಿಲ್ಲ. ಅದು ಮೇದದ್ದು ದೇವಿಯೇ ಮೇದಂತೆ. ಟಗರು ಮೂರೇ ದಿನದಲ್ಲಿ ಈ ಕಾನೂನನ್ನು ವಕೀಲರಿಗಿಂತ ಚೆನ್ನಾಗಿ ಕಲಿಯಿತು. ಊರ ಹೊಲಗಳೆಲ್ಲವನ್ನೂ ಒಮ್ಮೆ ರುಚಿ ನೋಡಿ, ಕೊನೆಗೆ ಮಗ್ಗುಲ ಮನೆಯ ಮಂಜಪ್ಪನ ಮೆಕ್ಕೆಜೋಳದಲ್ಲಿ ಬಿಡಾರ ಹೂಡಿತು. ಮಂಜಪ್ಪ ಬದುವಿನ ಮೇಲೆ ನಿಂತು ಕೈಮುಗಿಯುತ್ತಿದ್ದ. “ತಾಯೀ, ನಂದು ಸಾಕು, ಕೆರೆ ಏರಿ ಕಡಿಗೂ ಒಂದ್ ಸಲ ಹೋಗಿ ಬಾರವ್ವ” ಎಂದು ಬೇಡುತ್ತಿದ್ದ. ಟಗರು ತಲೆ ಎತ್ತಿ ಕೇಳಿಸಿಕೊಂಡು ಇನ್ನೊಂದು ತೆನೆಗೆ ಬಾಯಿ ಹಾಕುತ್ತಿತ್ತು.

ಕೆಲವು ತಿಂಗಳ ಮೇಲೆ ರಾಗಸೂರ್ಯ ಮತ್ತೆ ಹಾಡತೊಡಗಿದ. ಊರೂರು ಸುತ್ತಿದ. ಮಹಾಂತೇಶನ ಕಾಲು ನೆಲಕ್ಕೆ ತಾಗಲಿಲ್ಲ. ಡಾಕ್ಟರರ ಕೈಮೀರಿದ್ದನ್ನು ತನ್ನ ಟಗರು ಮಾಡಿತು ಎಂದು ಸಂತೆ ತುಂಬ ಹೇಳಿಕೊಂಡು ಬಂದ. ಟಗರಿನ ಫೋಟೋ ತೆಗೆದು ಗಾಯಕನ ಅಭಿಮಾನಿ ಪುಟಕ್ಕೆ ಕಳಿಸಿದ. ಕಳಿಸಿದ ಗಳಿಗೆಯಲ್ಲೇ ಅಲ್ಲಿಂದ ಕೆಂಪು ಹೃದಯಗಳ ಗುರುತು ತಿರುಗಿ ಬಂತು. ಅಂಥ ಹೃದಯ ಎಲ್ಲರಿಗೂ ತಾನಾಗಿಯೇ ಹೋಗುತ್ತದೆ ಎಂದು ಹೆಂಡತಿಯ ತಮ್ಮ ದೇವರಾಜ ಹೇಳಿದರೂ ಅವನು ನಂಬಲಿಲ್ಲ. ಶಿಕಾರಿಪುರದ ಸ್ಟುಡಿಯೋದಲ್ಲಿ ಅದನ್ನು ಅಚ್ಚು ಹಾಕಿಸಿ ಕಟ್ಟು ಹಾಕಿಸಿದ.

ಅಷ್ಟರಲ್ಲಿ ಊರಿನ ತಾಳ್ಮೆ ಹರಿಯತೊಡಗಿತ್ತು. ನಮ್ಮ ಮನೆಯ ಮಕ್ಕಳಿಗಾಗಿ, ದನಕರುಗಳಿಗಾಗಿ ಬಿಟ್ಟ ಟಗರಾದರೆ ಸಹಿಸೋಣ. ಕಂಡರಿಯದ ಹಾಡುಗಾರನ ಗಂಟಲಿಗಾಗಿ ನಾವೇಕೆ ಬೆಳೆ ಕೊಡಬೇಕು ಎಂದು ಮಂಜಪ್ಪ ಕಟ್ಟೆಯ ಮೇಲೆ ಮಾತು ತೆಗೆದ. ಹಿರಿಯರು ತಲೆದೂಗಿದರು. ಸರಿಯಾಗಿ ಆಗಲೇ ರಾಗಸೂರ್ಯನ ಸಂಗೀತಯಾತ್ರೆಯ ಮೇಲೆ ಒಂದು ಸಾಕ್ಷ್ಯಚಿತ್ರ ಬಂತು. ಗಂಟಲ ಕಂಟಕದಿಂದ ಅವನು ಹೇಗೆ ಗೆದ್ದು ಬಂದ ಎಂಬುದೇ ಅದರ ಕಥೆಯಂತೆ. ಮಹಾಂತೇಶ ಕಟ್ಟೆಗೆ ಹೋಗಿ, ನೀವೆಲ್ಲ ಆ ಚಿತ್ರ ನೋಡಿ, ಅದರಲ್ಲಿ ನಮ್ಮ ಟಗರಿನ ಮಾತು ಬರದಿದ್ದರೆ ಆಮೇಲೆ ಏನಾದರೂ ತೀರ್ಮಾನ ಮಾಡಿ ಎಂದುಬಿಟ್ಟ. ಬಂದರೆ ತುಟಿ ಪಿಟಕ್ಕೆನ್ನುವುದಿಲ್ಲ ಎಂದು ಮಂಜಪ್ಪನೂ ಮಾತು ಕೊಟ್ಟ. ಹೀಗೆ ಟಗರಿನ ತಲೆಯೂ ಮಹಾಂತೇಶನ ಮುಖವೂ ಒಂದು ಸಿನಿಮಾಕ್ಕೆ ತಗುಲಿಕೊಂಡವು.

ಭಾನುವಾರ ಮಧ್ಯಾಹ್ನ ಸಮುದಾಯ ಭವನದಲ್ಲಿ ಏರ್ಪಾಡಾಯಿತು. ದೇವರಾಜ ಹೊಸಬಾಳೆಯಿಂದ ಬೈಕಿನ ಮೇಲೆ ಪ್ರೊಜೆಕ್ಟರು ತಂದ. ಬೆಳಕು ಒಳಬರದಂತೆ ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿದರು. ಒಳಗೆ ಕತ್ತಲೆಯೂ ಆಯಿತು, ಕುರಿಹಟ್ಟಿಯ ವಾಸನೆಯೂ ಆಯಿತು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಹಂಚಿದರು. ಎದುರು ಗೋಡೆಗೆ ಪಂಚೆ, ಪಕ್ಕದಲ್ಲಿ ರಾಗಸೂರ್ಯನ ಆಳೆತ್ತರದ ಫ್ಲೆಕ್ಸು, ಅದಕ್ಕೆ ಚೆಂಡುಹೂವಿನ ಹಾರ. ಮುಖ್ಯ ಅತಿಥಿಯನ್ನು ಕಟ್ಟಿ ತರುವಂತಿಲ್ಲವಾದ್ದರಿಂದ ಬೆಲ್ಲ ತೋರಿಸಿ ಕರೆತಂದು ಮುಂದಿನ ಸಾಲಿನಲ್ಲಿ ನಿಲ್ಲಿಸಿದ್ದರು. ಅದು ಬಂದ ಕೂಡಲೇ ಹಾರಕ್ಕೆ ಬಾಯಿ ಹಾಕಿತು. ರಾಗಸೂರ್ಯನ ಹೆಸರಿನ ಟಗರು ರಾಗಸೂರ್ಯನ ಹಾರ ತಿಂದರೆ ಬೇಡವೆನ್ನುವವರು ಯಾರು?

ಚಿತ್ರದಲ್ಲಿ ಹಾಡು ಅರ್ಧವಿತ್ತು, ರಾಗಸೂರ್ಯ ಕಿಟಕಿಯಾಚೆ ನೋಡುವುದು ಅರ್ಧವಿತ್ತು. ಅವನು ಕಾಫಿ ಕುಡಿದ, ಕಿಟಕಿಯಾಚೆ ನೋಡಿದ. ವಿಮಾನ ಹತ್ತಿದ, ಅಲ್ಲಿಯೂ ಕಿಟಕಿಯಾಚೆ ನೋಡಿದ. ದುಃಖದ ಮಾತು ಬಂದಾಗಲೆಲ್ಲ ಬಣ್ಣ ಹೋಗಿ ಚಿತ್ರ ಕಪ್ಪು ಬಿಳುಪಾಗುತ್ತಿತ್ತು. ಮೊದಲ ಸಲ ಯಂತ್ರ ಕೆಟ್ಟಿತೆಂದು ದೇವರಾಜ ಎದ್ದು ವೈರು ಅಲ್ಲಾಡಿಸಿದ. ಮೈದಾನದ ತುಂಬ ಜನ ಮೊಬೈಲು ಬೆಳಗಿಸಿ ಹಾಡುವಾಗ ಮಹಾಂತೇಶ ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. ಹಳೆಯ ಹಾಡು ಬಂದಾಗ ಕೊಯ್ದ ಹೊಲದ ಕೂಳೆಯ ವಾಸನೆ ಅವನ ಮೂಗಿಗೆ ಬಡಿಯಿತು. ಇಡೀ ಭವನದಲ್ಲಿ ಆ ಹೊತ್ತು ಅವನೊಬ್ಬನೇ ಇದ್ದಂತಿತ್ತು.

ಆಮೇಲೆ ಬಣ್ಣ ಮತ್ತೆ ಹೋಯಿತು. ಸಮುದ್ರದ ದಂಡೆ. ರಾಗಸೂರ್ಯ ಎಳನೀರು ಹಿಡಿದುಕೊಂಡು ಮರಳಿನ ಮೇಲೆ ಕೂತಿದ್ದ. ಹಿಂದೆ ಪಿಟೀಲು ಅಳುತ್ತಿತ್ತು. “ಇವತ್ತು ಸತ್ಯ ಹೇಳ್ತೀನಿ,” ಎಂದ. “ನನ್ನ ಗಂಟಲಿಗೆ ಏನೂ ಆಗಿರಲಿಲ್ಲ. ನನಗೆ ಬೇಜಾರಾಗಿತ್ತು. ನನ್ನನ್ನ ನಾನು ಹುಡುಕಿಕೊಳ್ಳೋಕೆ ಇಲ್ಲಿಗೆ ಬಂದೆ. ನನ್ನ ಫ್ಯಾನ್ಸ್ ಅರ್ಥ ಮಾಡ್ಕೊಳ್ತಾರೆ.” ಕಣ್ಣಿನಿಂದ ಒಂದು ಹನಿ, ಕ್ಯಾಮೆರಾ ಹತ್ತಿರ ಬರುವ ತನಕ ಕಾದಿದ್ದು, ಮೆಲ್ಲಗೆ ಇಳಿಯಿತು.

ಮುಂದಿನ ಸಾಲಿನಲ್ಲಿ ಟಗರು ಗಂಟೆ ಅಲುಗಿಸುತ್ತ ಹಾರದ ಕೊನೆಯ ಹೂ ಅಗಿಯಿತು.

ಮಂಜಪ್ಪ ಎದ್ದು ಹೋಗಿ ಒಂದು ಕಿಟಕಿಯ ಕಂಬಳಿ ಬಿಚ್ಚಿದ. ಬಿಸಿಲು ನುಗ್ಗಿ ಪಂಚೆಯ ಮೇಲಿದ್ದ ಸಮುದ್ರ ಅಳಿಸಿಹೋಯಿತು. “ಮಾಂತೇಶ, ಗಂಟಲಿಗೆ ಏನೂ ಆಗಿರಲಿಲ್ಲಂತಲ್ಲೋ,” ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಹೋದ ಬೆಳೆ ಕಣ್ಣಮುಂದೆ ಬಂದವನ ದನಿ ಅದು.

ಮಹಾಂತೇಶ ಎದ್ದು ನಿಂತ. ಬೇಸರವೂ ಒಂದು ರೋಗವೇ ಎಂದ. ದೊಡ್ಡ ಮನುಷ್ಯರಿಗೆ ಬರುವ ಬೇಸರ ನಮ್ಮಂಥವರ ಬೇಸರದಂತಲ್ಲ, ಅದಕ್ಕೂ ದೇವಿಯ ಕೃಪೆ ಬೇಕು ಎಂದ. ಹಿಂದಿನಿಂದ ಯಾರೋ ನಕ್ಕರು. ದೇವರಾಜನಿಗೆ ತಡೆದುಕೊಳ್ಳಲಾಗಲಿಲ್ಲ. “ಹೌದು ಭಾವ. ಆ ಮನುಷ್ಯ ತನ್ನ ಹುಡುಕ್ಕಂಡು ಸಮುದ್ರಕ್ಕೆ ಹೋದ. ನಿಮ್ಮ ಟಗರು ಅವನ್ನ ಹುಡುಕ್ಕಂಡು ಮಂಜಪ್ಪಣ್ಣನ ಜೋಳದಾಗೆ ಹೋತು.”

ಭವನ ನಗೆಯಲ್ಲಿ ಮುಳುಗಿತು. ಮಂಜಪ್ಪ ಮಾತ್ರ ನಗಲಿಲ್ಲ. ಇಲ್ಲದ ರೋಗಕ್ಕೆ ಹೊತ್ತ ಹರಕೆ ಹರಕೆಯಲ್ಲ, ಹಾಗಾದರೆ ಇದು ದೇವರ ಟಗರೂ ಅಲ್ಲ, ಮೇಯಿಸಿದವರು ನಾವು, ಬರುವ ಭಾನುವಾರ ಊರೆಲ್ಲ ಉಂಡು ಲೆಕ್ಕ ಚುಕ್ತಾ ಮಾಡೋಣ ಎಂದ. ಬೇಡವೆಂದರೆ ಮಹಾಂತೇಶ ಈಗಲೇ ಗುಡಿಗೆ ಬರಲಿ. ಹರಕೆ ನುಡಿದ ಹೊಸ್ತಿಲ ಮುಂದೆಯೇ ನಿಂತು, ಗಂಟಲಿಗೆ ರೋಗವಿತ್ತು, ತಾಯಿ ವಾಸಿ ಮಾಡಿದಳು ಎಂದು ಹೇಳಿಬಿಡಲಿ.

ಊರು ಗುಡಿಯ ಕಡೆ ನಡೆಯಿತು. ಬೆಲ್ಲ ಇನ್ನೂ ಮಹಾಂತೇಶನ ಜೇಬಿನಲ್ಲಿ ಇದ್ದುದರಿಂದ ಟಗರು ಅವನ ಬೆನ್ನಿಗೇ ಬಂತು.

ಮಹಾಂತೇಶ ಹೊಸ್ತಿಲ ಮುಂದೆ ನಿಂತ. ಒಂದು ಸುಳ್ಳು ಹೇಳಿದರೆ ಟಗರು ಉಳಿಯುತ್ತಿತ್ತು, ರಾಗಸೂರ್ಯನ ಮಾನ ಉಳಿಯುತ್ತಿತ್ತು, ತನ್ನ ಮುಖವೂ ಉಳಿಯುತ್ತಿತ್ತು. ಆದರೆ ಅವನ ಕಣ್ಣಮುಂದೆ ಆ ಒಂದು ಹನಿ ಇಳಿಯುತ್ತಿತ್ತು. ಆ ಕಣ್ಣನ್ನು ಎಲ್ಲಿಯೋ ನೋಡಿದ್ದೇನೆ ಎಂದು ಆಗಿನಿಂದ ಅನ್ನಿಸುತ್ತಿತ್ತು. ಈಗ ಹೊಳೆಯಿತು. ಸಂತೆಗೆ ಹೊಡೆದು ತರುವ ಮುಂಚೆ ದಲ್ಲಾಳಿಗಳು ಮೈ ತೊಳೆದು, ಕಣ್ಣೊರೆಸಿ, ಬೆನ್ನಿಗೆ ಬಣ್ಣ ಹಾಕಿದ ಕುರಿಯ ಕಣ್ಣು ಅದು. ಇಷ್ಟು ವರ್ಷ ಯಾವ ಕುರಿಯಲ್ಲೂ ಮೋಸಹೋಗದವನು ಇದೊಂದರಲ್ಲಿ ಹಲ್ಲು ನೋಡುವುದನ್ನೇ ಮರೆತಿದ್ದ.

“ಸುಳ್ಳು ಅವನ್ದು ತಾಯಿ,” ಎಂದ ಮೆಲ್ಲಗೆ. “ಹರಕಿ ಮಾತ್ರ ನಂದು. ನಾನು ಸುಳ್ಳು ಹೇಳಿರಲಿಲ್ಲ.”

ಮಂಜಪ್ಪ ಟಗರಿನ ಕೊಂಬಿಗೆ ಕೈ ಹಾಕಿದ. ಭವನದಿಂದ ಎಲ್ಲರ ಜೊತೆ ಬಂದು ಗುಡಿಯ ಕಟ್ಟೆಯ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತಾ ಕೂತಿದ್ದ ದ್ಯಾಮಮ್ಮ ಆಗ ಬಾಯಿಬಿಟ್ಟಳು.

“ಕೈ ತಗಿ ಮಂಜಪ್ಪ. ಚೌಡಮ್ಮಗೆ ಹರಕಿ ಕೇಳಿಸಿದ್ದು ಯಾರ ಬಾಯಿಂದ? ನನ್ನ ಮಗನ ಬಾಯಿಂದ. ಆಕಿ ಆ ಎಳನೀರು ಕುಡಿಯೋನ ಮುಖ ನೋಡ್ಯಾಳ? ಟಗರು ಆಕಿದು, ಅದನ್ನ ಮುಟ್ಟಂಗಿಲ್ಲ.”

ಹಾಗಾದರೆ ತನ್ನ ಜೋಳದ ಗತಿಯೇನು ಎಂದು ಮಂಜಪ್ಪ ಕೇಳಿದ.

ದ್ಯಾಮಮ್ಮ ಪಕ್ಕಕ್ಕೆ ಉಗುಳಿ ಬಾಯಿ ಒರೆಸಿಕೊಂಡಳು. “ದೇವರ ಟಗರು ಕಟ್ಟಬಾರ್ದು ಅಂತ ಕಟ್ಟಳಿ ಐತಿ. ಬಿಟ್ಟೋನ್ನ ಕಟ್ಟಬಾರ್ದು ಅಂತ ಎಲ್ಲೈತಿ? ಅದು ಇರೋ ತನಕ ಇವನು ಅದರ ಹಿಂದೆ ತಿರುಗಲಿ. ನಿನ್ನ ಹೊಲದಾಗೆ ಅದು ಕಾಲಿಟ್ರೆ ಇವನ್ನ ಕೇಳು.”

ಹಿರಿಯರಿಗೆ ಇದು ಹಿಡಿಸಿತು. ಮಂಜಪ್ಪನಿಗೆ ಊಟ ತಪ್ಪಿದ್ದಕ್ಕೆ ಸ್ವಲ್ಪ ಬೇಜಾರಾದರೂ ಒಪ್ಪಿಕೊಂಡ. ಜ್ಯೋತಿಲಕ್ಷ್ಮಿ ಒಂದೇ ಮಾತು ಅಂದಳು. ಬುತ್ತಿ ಯಾರು ಕಟ್ಟಬೇಕೆಂದು ಮಾತ್ರ ಯಾರೂ ತೀರ್ಮಾನಿಸಲಿಲ್ಲವಲ್ಲ ಎಂದಳು.

ಅಂದಿನಿಂದ ಮಹಾಂತೇಶನದು ಹೊಸ ಉದ್ಯೋಗ. ಹಿಂಡಿಗೆ ಕೂಲಿಯವರನ್ನು ಇಟ್ಟು, ತಾನು ಒಂದೇ ಟಗರು ಕಾಯುವವನಾದ. ಅದೂ ಹೊಡೆಯದೆ, ಕಟ್ಟದೆ, ಬೆಲ್ಲ ತೋರಿಸಿ ನಯದಿಂದ. ಮೊದಲು ಮಂಜಪ್ಪ ಟಗರಿಗೆ ಕೈಮುಗಿಯುತ್ತಿದ್ದ, ಈಗ ಮಹಾಂತೇಶ ಮುಗಿಯುತ್ತಿದ್ದ. ಮಂಜಪ್ಪ ಬದುವಿನ ಮೇಲೆ ಬೀಡಿ ಹಚ್ಚಿಕೊಂಡು ಕೂತು, “ಅದೋ, ನಿನ್ನ ಹಾಡುಗಾರ ಈ ಕಡಿ ಬಂದ ನೋಡು” ಎಂದು ಎಚ್ಚರಿಸುತ್ತಿದ್ದ.

ದೇವರಗೂಡಿನ ಮೂರನೆಯ ಪಟವನ್ನು ಮಹಾಂತೇಶ ಗೋಡೆಗೆ ಮುಖ ಮಾಡಿ ತಿರುಗಿಸಿದ್ದ. ದ್ಯಾಮಮ್ಮನಿಗೆ ಬಾಡಿದ ಹೂ ಆರಿಸುವ ಕೆಲಸ ತಪ್ಪಿತು. ಆದರೆ ಟಗರಿನ ಹಿಂದೆ ದಿನವಿಡೀ ಒಬ್ಬನೇ ತಿರುಗುವುದು ಎಂದರೆ ಮತ್ತೆ ಅದೇ ಹಳೆಯ ಬಯಲು, ಅದೇ ಮಾತಿಲ್ಲದ ಹೊತ್ತು. ವಾರ ತಡೆದ. ಆಮೇಲೆ ಫೋನು ತೆಗೆದ. ಸುಳ್ಳುಗಾರನೆಂದು ಗೊತ್ತಾದ ಮೇಲೂ ಆ ಧ್ವನಿ ಮೊದಲಿನಷ್ಟೇ ಇಂಪಾಗಿತ್ತು. ಅದು ಕೆಟ್ಟಿದ್ದರೆ ಅವನಿಗೆ ಎಷ್ಟೋ ಸುಲಭವಾಗುತ್ತಿತ್ತು. ಒಂದು ಬೆಳಿಗ್ಗೆ ದ್ಯಾಮಮ್ಮ ನೋಡುವಾಗ ಪಟದ ಮುಖ ಈ ಕಡೆ ತಿರುಗಿತ್ತು. ಅವಳು ಅದಕ್ಕೆ ಹೂ ಮಾತ್ರ ಇಡಲಿಲ್ಲ.

ಮೊನ್ನೆ ಸಂಜೆ ಮಹಾಂತೇಶ ಟಗರಿನ ಹಿಂದೆಯೇ ಮನೆಗೆ ಬಂದ. ಕೈಕಾಲು ತೊಳೆಯದೆ ಜಗುಲಿಯ ಮೇಲೆ ಕೂತು ಫೋನು ನೋಡುತ್ತಿದ್ದ. ದ್ಯಾಮಮ್ಮ ಅಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಅವನ ಮುಖ ಸಣ್ಣದಾಯಿತು. ಒಮ್ಮೆ ಫೋನಿನ ಕಡೆ, ಒಮ್ಮೆ ಮರಿಗಳಿದ್ದ ದೊಡ್ಡಿಯ ಕಡೆ ನೋಡಿದ. ದೊಡ್ಡಿಯಲ್ಲಿ ಕೊಂಬು ಮೂಡುತ್ತಿದ್ದ ಒಂದು ಗಂಡುಮರಿ ಬಾಗಿಲ ಬಳಿಯೇ ನಿಂತಿತ್ತು.

“ಅವ್ವಾ,” ಎಂದ. “ರಾಗಸೂರ್ಯಗೆ ಸೊಂಟ ಹಿಡಕಂಡೈತಂತೆ. ದಾವಣಗೆರಿ ಪ್ರೋಗ್ರಾಮ್ ಕ್ಯಾನ್ಸಲ್ ಅಂತೆ. ಈ ಸಲ ಸುಳ್ಳಿರಲಿಕ್ಕಿಲ್ಲ.”

“ಸೊಂಟನೋವಿಗೆ ದೇವರು ಯಾಕಪ್ಪ,” ಎಂದಳು ದ್ಯಾಮಮ್ಮ. “ಎಳ್ಳೆಣ್ಣಿ ಸಾಕು.”

ಅವಳು ಅವರೆಕಾಯಿಯ ಮೊರ ಕೆಳಗಿಟ್ಟು ಎದ್ದು ಹೋಗಿ ದೊಡ್ಡಿಯ ಬಾಗಿಲಿಗೆ ಚಿಲಕ ಹಾಕಿದಳು.