ಓಗ್ಬತ್ತೀನಿ ಅನ್ನು

ಗೊರೂರಿನ ಬಡಮಕ್ಕಳ ಬೇಸಿಗೆ ಶಿಬಿರಕ್ಕೆ ಅಡುಗೆಯ ಕಾಮಾಕ್ಷಮ್ಮನವರ ಹೆದರಿಕೆಯೇ ಕಾವಲು. ಪಕ್ಕದ ಅಣೆಕಟ್ಟಿನ ಹಿನ್ನೀರು ಕಂಡರೆ ಅವರ ಎದೆ ಡವಡವ. ಹಲ್ಲಿ ಲೊಚಗುಟ್ಟಿದರೂ ಸೌಟು ಹಿಡಿದೇ ಮಕ್ಕಳನ್ನು ಹುಡುಕಿಕೊಂಡು ಓಡುತ್ತಾರೆ. ನಲ್ಲಿಯವರೆಗೆ ಹೋಗುವ ಮಗುವೂ "ಓಯ್ತೀನಿ" ಅನ್ನುವಂತಿಲ್ಲ. "ಬಿಡ್ತು ಅನ್ನು! ಓಗ್ಬತ್ತೀನಿ ಅನ್ನು ಕಣವ್ವಾ, ಅಂಗಂದ್ರೇನೇ ವಾಪಸ್ ಬರೋದು" ಎಂದು ಗದರುತ್ತಾರೆ. ಶಿಬಿರ ಮುಗಿದ ದಿನ, ಸೊಂಟದ ಬೆಲ್ಟು ಸರಿಮಾಡಿಕೊಳ್ಳುತ್ತಾ, ಕಟ್ಟಾಯ ಊರಿನ ಹುಡುಗಿ ಮೇಘಶ್ರೀಯ ಅಪ್ಪ ಬಂದು ನಿಂತ. ಸ್ನಾನ ಮಾಡಿಸುವಾಗ ಅವಳ ಬೆನ್ನಿನ ಬಾಸುಂಡೆ ಕಂಡಿದ್ದ ಕಾಮಾಕ್ಷಮ್ಮನವರು ಆ ಬೆಲ್ಟನ್ನೇ ನೋಡಿದರು. ಒಂದು ಮಗುವಿಗೆ ಒಂದೇ ಬೇಸಿಗೆ ಎಂಬುದು ಶಿಬಿರದ ನಿಯಮ. ಹುಡುಗಿಗೆ ಅಂದು ಹೇಳಿಕೊಡಬೇಕಾಗಲಿಲ್ಲ. "ಓಗ್ಬತ್ತೀನಿ ಅಜ್ಜಿ" ಎಂದಳು. ಗೇಟು ದಾಟುವವರೆಗೂ ತಿರುಗಿ ತಿರುಗಿ ಅದನ್ನೇ ಅಂದಳು. "ಓಗ್ಬಾ" ಅನ್ನಲು ಕಾಮಾಕ್ಷಮ್ಮನವರಿಗೆ ಬಾಯಿ ಬರಲಿಲ್ಲ.