ಐದರ ಕೆಂಪು ಗೆರೆ

ನನ್ನ ತಂದೆ ನೇತ್ರಾವತಿಯ ದಡದ ಹೆಂಚಿನ ಕಾರ್ಖಾನೆಯೊಂದರಲ್ಲಿ ಬಾಯ್ಲರಿನ ಬೆಂಕಿ ನೋಡುತ್ತಿದ್ದರು. ಬಾಯ್ಲರಿನ ಗೇಜು ಜರ್ಮನಿಯದು. ಒಂದು ಚದರ ಸೆಂಟಿಮೀಟರಿನ ಮೇಲೆ ಆವಿ ಎಷ್ಟು ಕಿಲೋ ಭಾರ ಹೇರುತ್ತಿದೆ ಎಂಬುದನ್ನು ಅದರ ಮುಳ್ಳು ಹೇಳುತ್ತಿತ್ತು. ಐದರ ಅಂಕಿಯ ಮೇಲೆ ಜರ್ಮನ್ ಇಂಜಿನಿಯರ್ ಎಳೆದ ಕೆಂಪು ಗೆರೆಯಿತ್ತು. ಬ್ರಿಟಿಷರೊಡನೆ ಯುದ್ಧ ಬಂದು ಆತ ಹೋದ ಮೇಲೂ ತಂದೆ ಆ ಗೆರೆಯನ್ನು ಒಮ್ಮೆಯೂ ದಾಟಲಿಲ್ಲ.

ಯುದ್ಧ ಮುಗಿದ ಮೇಲೆ ಇನ್‌ಸ್ಪೆಕ್ಟರ್ ಬಂದು, ಬಾಯ್ಲರ್ ಹಳತಾಗಿದೆಯೆಂದು ಅದರ ಮಿತಿಯನ್ನು ಇಳಿಸಿದ. ಗೋಡೆಗೆ ಇಂಗ್ಲಿಷಿನ ಹಲಗೆಯೊಂದು ಬಂತು: ಚದರ ಇಂಚಿಗೆ ಅರವತ್ತು ಪೌಂಡು, ಅದಕ್ಕಿಂತ ಹೆಚ್ಚು ಕೂಡದು. ಗೇಜನ್ನು ಮಾತ್ರ ಯಾರೂ ಬದಲಿಸಲಿಲ್ಲ. ಇಂಗ್ಲಿಷ್ ಓದಲು ಬಾರದ ತಂದೆ ಕಾರ್ಖಾನೆಯ ಗುಮಾಸ್ತರನ್ನು ಕೇಳಿದರು: "ನನ್ನ ಮುಳ್ಳಿನಲ್ಲಿ ಅದು ಎಷ್ಟಾಗ್ತದೆ ಸ್ವಾಮಿ?"

ಬರಿಯ ತೂಕದ ಪೌಂಡನ್ನು ಕಿಲೋ ಮಾಡುವ ಹಾಗೆ, ಗುಮಾಸ್ತರು ಅರವತ್ತನ್ನು ಎರಡು ಚಿಲ್ಲರೆಯಿಂದ ಭಾಗಿಸಿದರು. "ಇಪ್ಪತ್ತೇಳು! ನಿನ್ನ ಗೇಜಿನಲ್ಲಿ ಹನ್ನೆರಡರ ಮೇಲೆ ಅಂಕಿಯೇ ಇಲ್ಲ. ಎಂತಕ್ಕೆ ಹೆದರುವುದು ಮಾರಾಯ? ಐದರಲ್ಲಿಟ್ಟು ನಿದ್ದೆ ಮಾಡು."

ಚದರ ಇಂಚು ಚದರ ಸೆಂಟಿಮೀಟರಿನ ಆರು ಪಟ್ಟಿಗಿಂತಲೂ ದೊಡ್ಡದೆಂಬುದನ್ನು ಅವರು ಮರೆತಿದ್ದರು. ಗೇಜಿನ ಒಂದು ಕಿಲೋ ಹಲಗೆಯ ಹದಿನಾಲ್ಕು ಪೌಂಡಿಗೂ ಮಿಕ್ಕುತ್ತದೆ. ಹಲಗೆಯ ಅರವತ್ತು ಗೇಜಿನಲ್ಲಿ ನಾಲ್ಕು ಚಿಲ್ಲರೆ. ತಂದೆಯ ಐದು ಎಂದರೆ ಎಪ್ಪತ್ತೊಂದು ಪೌಂಡು.

ಒಂದು ಮಧ್ಯಾಹ್ನ ಆವಿಯ ಕೊಳವೆ ಸಿಡಿಯಿತು. ತಂದೆಯ ಎರಡೂ ಕಣ್ಣುಗಳು ಹೋದವು. ಕಾರ್ಖಾನೆಯ ವರದಿಯಲ್ಲಿ ಕಾರಣವನ್ನು ಮೂರೇ ಪದಗಳಲ್ಲಿ ಮುಗಿಸಿದ್ದರು: ಬಾಯ್ಲರ್ ನೋಡುವವನ ಅಜಾಗರೂಕತೆ.

ಮದರಾಸಿನಲ್ಲಿ ಭೌತಶಾಸ್ತ್ರ ಓದುತ್ತಿದ್ದ ನಾನು ಊರಿಗೆ ಬಂದಾಗ ಅವರು ಕೇಳಿದ್ದು ಒಂದೇ: "ಮುಳ್ಳು ಐದರಲ್ಲೇ ಇತ್ತು ಮಗಾ. ನನ್ನ ತಪ್ಪು ಎಂತ ಉಂಟು, ಕೇಳಿಕೊಂಡು ಬಾ."

ನಾಲ್ಕು ಪುಟದ ಅರ್ಜಿ ಬರೆದೆ. ಗೇಜು ಬದಲಿಸದೆ ಹಲಗೆ ತೂಗುಹಾಕಿದವರು ಯಾರು? ಓದಲಾರದವನಿಗೆ ಓದಿ ಹೇಳಬೇಕಾಗಿದ್ದವರು ಯಾರು? ಭಾಗಿಸಿದ ಕೈ ಯಾರದು? ಕೊನೆಯ ಪುಟದಲ್ಲಿ ನನ್ನ ಲೆಕ್ಕವನ್ನು ಹಂತಹಂತವಾಗಿ, ಹೆಮ್ಮೆಯಿಂದಲೇ, ಬಿಡಿಸಿಟ್ಟಿದ್ದೆ.

ಮ್ಯಾನೇಜರ್ ಕೊನೆಯ ಪುಟವನ್ನಷ್ಟೇ ಓದಿದ. "ಮಿತಿ ಅರವತ್ತು. ಎಪ್ಪತ್ತೊಂದು ಇತ್ತು ಅಂತ ಕಾಲೇಜು ಓದಿದವ ನೀನೇ ಬರೆದಿದ್ದೀಯಲ್ಲ! ಇನ್ನೆಂತ ಬೇಕು ಮಾರಾಯ?" ನನ್ನ ಪುಟವನ್ನು ವರದಿಗೆ ಗುಂಡುಸೂಜಿಯಿಂದ ಸೇರಿಸಿದ. ಉಳಿದ ಮೂರು ಪುಟಗಳನ್ನು ನನ್ನ ಕಡೆಗೆ ತಳ್ಳಿದ. ಪಕ್ಕದ ಮೇಜಿನಲ್ಲಿದ್ದ ಗುಮಾಸ್ತರು ತಲೆಯೆತ್ತಲಿಲ್ಲ. ಅವರು ಇಂದಿಗೂ ಅದೇ ಮೇಜಿನಲ್ಲಿದ್ದಾರೆ. ಅವರನ್ನು ಯಾರೂ ಏನೂ ಕೇಳಿಲ್ಲ.

ತಂದೆ ಜಗಲಿಯಲ್ಲಿ ಕಾಯುತ್ತಿದ್ದರು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಐದು ಹೆಚ್ಚಾಗಿತ್ತು ಅಪ್ಪ," ಎಂದೆ.

ಅವರು ನನ್ನ ದನಿಯ ಕಡೆಗೆ ಮುಖ ತಿರುಗಿಸಿದರು. "ಮತ್ತೆ ಎಲ್ಲಿ ನಿಲ್ಲಿಸಬೇಕಿತ್ತು?"

"ನಾಲ್ಕು ದಾಟಿ ಸ್ವಲ್ಪ."

ಅವರು ಗಾಳಿಯಲ್ಲಿ ಗೇಜಿನ ವೃತ್ತವನ್ನು ಬರೆದರು. ತೋರುಬೆರಳನ್ನು ಮುಳ್ಳಿನಂತೆ ಐದರಿಂದ ಹಿಂದಕ್ಕೆ ಜರುಗಿಸಿ, ನಾಲ್ಕರ ಪಕ್ಕದಲ್ಲಿ ಸರಿಯಾಗಿ ನಿಲ್ಲಿಸಿದರು.

"ಇಷ್ಟೇ ಅಲ್ವಾ," ಎಂದರು. "ಇಷ್ಟು ಹೇಳಿದ್ರೆ ಇಡ್ತಿದ್ದೆನಲ್ಲ ಮಗಾ."