ಹಂಚಿನಾಳ ಸರ್ ಹೇಳಿ ಬರೆಸಿದ್ದು

ಪಾಠದ ಯಾವ ಪಾತ್ರ ನಮಗೆ ಇಷ್ಟವೆಂದು ನಿರ್ಧರಿಸುತ್ತಿದ್ದವರು ಹಂಚಿನಾಳ ಸರ್. ರಾಮದುರ್ಗದ ಹೈಸ್ಕೂಲಿನಲ್ಲಿ ನಮಗೆ ಇಂಗ್ಲಿಷ್ ಕಲಿಸಿದವರು, ಅಂದರೆ ಕಲಿಸಿದೆನೆಂದು ಹೇಳಿಕೊಂಡು ಓಡಾಡಿದವರು. ಕಿಟಕಿಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ ಉತ್ತರ ಬರೆಸುತ್ತಿದ್ದರು. ಕಾಮಾ, ಫುಲ್‌ಸ್ಟಾಪ್‌ಗಳನ್ನೂ ಬಾಯಿಬಿಟ್ಟು ಹೇಳುತ್ತಿದ್ದರು. ಫುಲ್‌ಸ್ಟಾಪ್ ಬಂದಾಗಲೆಲ್ಲ ಡಸ್ಟರಿನಿಂದ ಟೇಬಲ್ ಬಡಿಯುತ್ತಿದ್ದರು. ಕತೆಯಲ್ಲಿ ಒಬ್ಬ ಮುದುಕ, ಒಬ್ಬ ಕಳ್ಳ ಇದ್ದರೆ ಇಡೀ ಕ್ಲಾಸಿಗೆ ಆ ಮುದುಕನೇ, ಒಂದೇ ಕಾರಣಕ್ಕೆ ಇಷ್ಟವಾಗುತ್ತಿದ್ದ.

“ಸರ್, ನನಗ ಆ ಕಳ್ಳ ಸೇರ್ತಾನ್ರಿ,” ಎಂದು ಒಮ್ಮೆ ಹೇಳಿದೆ.

“ನಿನಗ ಸೇರಿದ್ದು ಯಾರ ಕೇಳ್ಯಾರ? ಪೇಪರ್ ತಿದ್ದಾವ್ರಿಗೆ ಸೇರಬೇಕು. ಸ್ವಂತ ಬುದ್ಧಿ ಮನ್ಯಾಗ ಇಟ್ಟು ಬಾ.”

ಅವರು ಕವಿತೆಯನ್ನು ಓದಿದ್ದನ್ನು ನಾವು ಯಾರೂ ಕೇಳಿಲ್ಲ. ಸಾರಾಂಶ ಬರೆಸಿದ ಮೇಲೆ ಕವಿತೆಯ ಗೊಡವೆ ಯಾಕೆ ಎಂಬುದು ಅವರ ವಾದ.

ಹತ್ತನೆಯ ತರಗತಿಯಲ್ಲಿ ‘ನನ್ನ ಮೆಚ್ಚಿನ ಶಿಕ್ಷಕ’ ಎಂಬ ಪ್ರಬಂಧ ಬಂತು. ಅದನ್ನೂ ಹೇಳಿ ಬರೆಸಿದರು. ಮೆಚ್ಚಿನ ಶಿಕ್ಷಕ ಅವರೇ. “ಮೈ ಫೇವರಿಟ್ ಟೀಚರ್ ಈಸ್ ಶ್ರೀ ಹಂಚಿನಾಳ ಸರ್, ಫುಲ್‌ಸ್ಟಾಪ್. ಹೀ ಈಸ್ ಲೈಕ್ ಎ ಲ್ಯಾಂಪ್, ಫುಲ್‌ಸ್ಟಾಪ್.” ನಾಚಿಕೆ ಅವರ ಹತ್ತಿರ ಸುಳಿಯಲಿಲ್ಲ.

ಪರೀಕ್ಷೆಯಲ್ಲಿ ನಾನು ನಮ್ಮೂರು ತೊರಗಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದ ಅಕ್ಕೋರ ಬಗ್ಗೆ ಬರೆದೆ. ಅವರು ನಮ್ಮನ್ನು ಕೋಟೆಯ ನೆರಳಿನಲ್ಲಿ ಕೂರಿಸಿ ಕತೆ ಓದಿಸುತ್ತಿದ್ದರು. ನನ್ನ ಇಂಗ್ಲಿಷ್ ಸೊಟ್ಟಗಿತ್ತು, ಆದರೆ ಬರೆದದ್ದು ನಿಜವಿತ್ತು. ಸರ್ ಸೊನ್ನೆ ಹಾಕಿ ಅಬ್ಬಾನನ್ನು ಕರೆಸಿದರು.

ಟೆಂಪೊ ಓಡಿಸುವ ಅಬ್ಬಾ ಬಾಡಿಗೆ ಬಿಟ್ಟು ಬಂದರು. ಏನು ತಪ್ಪೆಂದು ಕೇಳದೆಯೇ ಕೈಮುಗಿದರು. “ತಪ್ಪಾತ್ರಿ ಸರ್. ಸಣ್ಣ ಹುಡುಗಿ, ಹೊಟ್ಯಾಗ ಹಾಕ್ಕೋರಿ.”

ಸರ್ ಅಲ್ಲೇ ನನ್ನಿಂದ ತಾವು ಬರೆಸಿದ್ದ ಪ್ರಬಂಧ ಹೇಳಿಸಿದರು. ಒಂದಕ್ಷರ ತಪ್ಪದೆ ಹೇಳಿದೆ. ಇಂಗ್ಲಿಷ್ ಬಾರದ ಅಬ್ಬಾನ ಮುಖ ಅರಳಿತು.

“ಎಷ್ಟ ಚಂದ ಮಾತಾಡಿದಿ ಬೇಟಿ,” ಎಂದರು ಹೊರಗೆ ಬಂದ ಮೇಲೆ. “ಏನಂದಿ ಅದರಾಗ?”

“ಏನಿಲ್ಲ ಅಬ್ಬಾ, ಸಾಲಿ ವಿಷಯ.”

ಅವತ್ತಿನ ಸಿಟ್ಟು ಇನ್ನೂ ಆರಿಲ್ಲ.

ಈಗ ನಾನು ಬೈಲಹೊಂಗಲದಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಸರ್ ನಿವೃತ್ತರಾದಾಗ ಬೀಳ್ಕೊಡುಗೆಗೆ ನನ್ನನ್ನೂ ಕರೆದರು. ಅಂದು ನುಂಗಿದ್ದನ್ನು ಅವರ ಮುಖಕ್ಕೇ ಹೇಳಬೇಕೆಂದು ಹೋದೆ. ಸರ್ ಶಾಲು ಹೊದ್ದು ವೇದಿಕೆಯ ನಡುವೆ ಕುಳಿತಿದ್ದರು. ಮೈಕು ಹಿಡಿದೆ.

“ಸರ್ ನಮಗೆ ನಮ್ಮ ಮಾತು ಆಡಲು ಬಿಡಲಿಲ್ಲ...”

“ಈಕಿ ಮರತಾಳ ನೋಡ್ರಿ,” ಸರ್ ನಕ್ಕರು. “ತಡಿ, ನಾನ ನೆನಪ ಮಾಡತೇನಿ.” ಕಣ್ಣು ಮುಚ್ಚಿದರು. “ಮೈ ಫೇವರಿಟ್ ಟೀಚರ್...”

ಮುಂದಿನದನ್ನು ಸಭೆಯೇ ಹೇಳಿತು. ವಕೀಲರು, ಕಿರಾಣಿ ಅಂಗಡಿಯವರು, ಕಂಕುಳಲ್ಲಿ ಮಕ್ಕಳನ್ನು ಎತ್ತಿಕೊಂಡವರು, ತಮ್ಮ ತಮ್ಮ ವರ್ಷ ಅದನ್ನೇ ಬರೆದುಕೊಂಡಿದ್ದ ಎಲ್ಲ ಹಳೆಯ ವಿದ್ಯಾರ್ಥಿಗಳೂ ನಗುತ್ತ ಒಂದೇ ರಾಗದಲ್ಲಿ ಹೇಳಿದರು. ಫುಲ್‌ಸ್ಟಾಪ್ ಬಂದಾಗ ಕುರ್ಚಿಯ ಕೈ ಬಡಿದರು. ನಾನು ತಂದಿದ್ದ ಮಾತು ಆ ಗದ್ದಲದಲ್ಲಿ ಎಲ್ಲಿ ಹೋಯಿತೋ. ಎರಡನೆಯ ಸಾಲಿಗೆ ಮೈಕಿನಿಂದ ಒಂದು ಧ್ವನಿ ಎಲ್ಲರಿಗಿಂತ ಜೋರಾಗಿ, “ಲೈಕ್ ಎ ಲ್ಯಾಂಪ್” ಎಂದಿತು. ಅದು ನನ್ನದು.

ಅದೇ ನಮ್ಮ ಕಡೆಯ ಭೇಟಿ. ಆ ಮಳೆಗಾಲದಲ್ಲೇ ಸರ್ ತೀರಿಕೊಂಡರು, ನಾನು ಮಣ್ಣಿಗೆ ಹೋಗಲಿಲ್ಲ. ಅವತ್ತು ವೇದಿಕೆಯ ಮೇಲೆ ಅವರು ಕಣ್ಣು ತೆರೆದು ನನ್ನತ್ತ ತಿರುಗಿ, ತಲೆಯಾಡಿಸಿ ಹೇಳಿದ್ದು ಇಷ್ಟೇ:

“ಹಾಂ, ಈಗ ಬರೋಬ್ಬರಿ ಆತು. ಕುಂಡರು.”

ನಾನು ಕುಳಿತೆ.